ನೀಲಮ್ಮನ ಮಾತಿಗೆ ನಾನು ಹಾಕಿದ ಕತ್ತರಿ

ನಿಮ್ಮ ಧ್ವನಿಯನ್ನು ಕದ್ದವಳು ನಾನು, ಅಮ್ಮ. ಅದನ್ನು ಕತ್ತರಿಸಿದವಳೂ ನಾನೇ. ‘ನಿಮ್ಮಮ್ಮನನ್ನು ಕೇಳಿದ್ದೇನೆ, ಒಪ್ಪಿದ್ದಾರೆ’ ಎಂದು ನಿಮ್ಮ ಮಗನಿಗೆ ಸುಳ್ಳು ಹೇಳಿದವಳೂ ನಾನೇ. ಪ್ರಭು ಇದರಲ್ಲಿ ಏನೂ ಮಾಡಿಲ್ಲ. ಅವನು ಮಾಡಿದ್ದು ಒಂದೇ—ನನ್ನ ಹೆಸರು ಹೇಳದೆ ಸುಮ್ಮನಿದ್ದದ್ದು.

ಇದನ್ನು ಬಾಯಲ್ಲೇ ಹೇಳಿಬಿಡಬೇಕೆಂದು ಎಷ್ಟೋ ಸಲ ಹಿನಕಲ್ಲಿನ ನಿಮ್ಮ ಹಿಟ್ಟಿನ ಮಿಲ್ಲಿಗೆ ಬಂದಿದ್ದೇನೆ. ಬಂದವಳು ರಾಗಿ ಬೀಸಿಸಿಕೊಂಡು, ನೀವು ಕೊಟ್ಟ ಕಾಫಿ ಕುಡಿದು, ಬಿಸಿಲಿನ ಮಾತಾಡಿ ವಾಪಸ್ ಹೋಗಿದ್ದೇನೆ. ನಮ್ಮ ಮನೆಯಲ್ಲಿ ಈಗ ಹುಳ ಹಿಡಿಯುವಷ್ಟು ರಾಗಿ ಹಿಟ್ಟಿದೆ. ಅದಕ್ಕೇ ಈ ಸಲ ಬರೆದುಕೊಂಡು ಬಂದಿದ್ದೇನೆ, ನಿಮ್ಮ ಎದುರು ಕೂತು ಓದುತ್ತೇನೆ. ನಿಮಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಹೇಳುತ್ತೇನೆ. ಎಲ್ಲೋ ಮಧ್ಯದಿಂದ ಶುರು ಮಾಡಿದರೆ ನಾನು ನುಣುಚಿಕೊಳ್ಳುವವಳು. ನನ್ನ ಬುದ್ಧಿ ನನಗೆ ಗೊತ್ತು.

ಕಾಲೇಜಿನ ದಿನಗಳು ಅವು. ವಿಜಯನಗರದ ನಮ್ಮ ಮನೆಯ ಹತ್ತಿರದ ಮೈದಾನದ ಮೂಲೆಯಲ್ಲಿ ಸಂಜೆ ಹೊತ್ತು ಒಂದಷ್ಟು ಹುಡುಗರು ಸುತ್ತ ನಿಂತು, ಒಬ್ಬರಾದ ಮೇಲೆ ಒಬ್ಬರು ರ‍್ಯಾಪ್ ಹಾಡುತ್ತಿದ್ದರು. ನಿಮ್ಮ ಪ್ರಭು ಅವರಲ್ಲಿ ಒಬ್ಬ, ಎಲ್ಲರಿಗಿಂತ ಒಳ್ಳೆಯವನು. ನನಗೆ ಹಾಡಲು ಬರುತ್ತಿರಲಿಲ್ಲ. ಆದರೆ ನನ್ನ ಹತ್ತಿರ ಕಂಪ್ಯೂಟರ್ ಇತ್ತು, ಒಳ್ಳೆಯ ಹೆಡ್‌ಫೋನ್ ಇತ್ತು, ತಾಳ ಕೂಡಿಸುವ ಹುಚ್ಚು ಇತ್ತು. ‘ಒಂದು ಟೇಪ್ ಮಾಡೋಣ ಕಣೇ ಸುಮಾ’ ಎಂದು ಪ್ರಭುವೇ ಕೇಳಿದ್ದು. ಮಿಕ್ಸ್‌ಟೇಪ್ ಎಂದರೇನು ಎಂದು ನಿಮಗೆ ವಿವರಿಸಲು ಹೋದರೆ, ‘ಕ್ಯಾಸೆಟ್ಟೇ ಇಲ್ಲ, ಟೇಪು ಅಂತೀರಲ್ಲೋ!’ ಎಂದು ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಿದ್ದಿರಿ.

ನಿಜ, ನಮ್ಮ ಯಾರ ಮನೆಯಲ್ಲೂ ಕ್ಯಾಸೆಟ್ ತಿರುಗುತ್ತಿರಲಿಲ್ಲ. ಹೆಸರು ಮಾತ್ರ ಹಳೆಯದು. ಯಾವುದೋ ದೇಶದವರು ಮಾಡಿದ ತಾಳದ ಬೀಟುಗಳನ್ನು ನೆಟ್ಟಿನಿಂದ ಇಳಿಸಿಕೊಂಡು, ಅವುಗಳ ಮೇಲೆ ನಮ್ಮ ಕನ್ನಡ ಹಾಡಿ, ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ತುಂಬಿ ಕೈಯಿಂದ ಕೈಗೆ ಕೊಡುವುದು. ಮಾರುವ ಹಾಗಿಲ್ಲ, ಬೀಟು ನಮ್ಮದಲ್ಲವಲ್ಲ. ಹಾಡು ಹಾಡಿನ ನಡುವೆ ಊರಿನ ಧ್ವನಿಗಳನ್ನು ಇಡುತ್ತಿದ್ದೆವು. ಬಸ್ಸಿನ ಕಂಡಕ್ಟರ್ ಕೂಗಿದ್ದು, ಹೂ ಮಾರುವಾಕೆ ಜಗಳವಾಡಿದ್ದು, ಯಾರದೋ ತಾತನ ಗೊರಕೆ. ಅವರ ಒಪ್ಪಿಗೆ ಕೇಳಬೇಕು ಎಂದು ನಮಗೆ ತೋಚಿದ್ದೇ ಇಲ್ಲ. ಟೇಪು ಹೋಗುತ್ತಿದ್ದುದು ನಮ್ಮಂಥ ಕೆಲವೇ ಹುಡುಗರ ಕಿವಿಗೆ. ಆಡಿದವರಿಗೆ ತಮ್ಮ ಮಾತು ಕೇಳಿಸುವ ಸಂಭವವೇ ಇರಲಿಲ್ಲ.

ನಿಮ್ಮ ಮಿಲ್ಲಿಗೆ ನಾನು ಮೊದಲು ಬಂದದ್ದು ಅದರ ಸದ್ದಿಗಾಗಿ. ಆ ಬೆಲ್ಟು ತಿರುಗುವಾಗ ಒಂದು ಕಡೆ ‘ಟಪ್’ ಅನ್ನುತ್ತದಲ್ಲ, ಅದರ ಮೇಲೆ ತಾಳ ಕಟ್ಟಬಹುದು ಎಂದು ಪ್ರಭು ಕರೆತಂದ. ‘ಆಂಟಿ’ ಎಂದೆ. ‘ಅದೇನ್ ಆಂಟಿ ಗೀಂಟಿ, ಅಮ್ಮ ಅನ್ನು’ ಎಂದಿರಿ. ನನ್ನದೊಂದು ಪದ್ಧತಿ ಇತ್ತು—ರೆಕಾರ್ಡರನ್ನು ಇಟ್ಟು ಅಲ್ಲಿಂದ ಹೋಗಿಬಿಡುವುದು. ಮುಂದೆ ನಿಂತುಕೊಂಡರೆ ಜನ ಮೆಲ್ಲಗೆ ನಡೆಯುತ್ತಾರೆ, ಮೆಲ್ಲಗೆ ಕೆಮ್ಮುತ್ತಾರೆ. ದೇವರ ಪಟದ ಪಕ್ಕದ ಹಲಗೆಯ ಮೇಲೆ ಅದನ್ನಿಟ್ಟು, ‘ಇದು ಮಿಲ್ಲಿನ ಸದ್ದು ಹಿಡಿಯುತ್ತೆ, ಅದರ ಪಾಡಿಗೆ ಇರಲಿ ಅಮ್ಮ’ ಎಂದು ಹೇಳಿ ನಾವಿಬ್ಬರೂ ದೋಸೆ ತಿನ್ನಲು ಹೋದೆವು. ಆಮೇಲೆ ಕರೆಂಟು ಹೋಯಿತು. ನಿಮ್ಮ ತಂಗಿ ಗೋಧಿ ತಂದಿದ್ದರು. ನೀವಿಬ್ಬರೂ ಕೂತು ಮಾತಾಡಿದಿರಿ. ಹಲಗೆಯ ಮೇಲಿದ್ದದ್ದು ನಿಮಗೆ ಮರೆತೇ ಹೋಗಿತ್ತು.

ಮರುದಿನ ಮಧ್ಯಾಹ್ನ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದೆ. ಬೆಲ್ಟು ಟಪ್ ಟಪ್ ಎನ್ನುತ್ತ ನಿಧಾನವಾಗಿ ನಿಂತಿತು. ಆಮೇಲೆ ನಿಮ್ಮ ಧ್ವನಿ—ಕಿವಿಯ ಪಕ್ಕದಲ್ಲೇ ಕೂತು ಹೇಳಿದಷ್ಟು ಹತ್ತಿರ. ನೀವು ಆಡಿದ್ದನ್ನು ಒಂದಕ್ಷರ ಬಿಡದೆ ಓದುತ್ತೇನೆ. ಹೋದ ವಾರದ ತನಕ ಈ ರೆಕಾರ್ಡಿಂಗನ್ನು ಪೂರ್ತಿ ಕೇಳಿದ್ದವಳು ನಾನೊಬ್ಬಳೇ.

“ಅವ್ರು ಆಸ್ಪತ್ರೇಲಿದ್ದಷ್ಟು ದಿನ ಗಂಟಲಲ್ಲಿ ಒಂದು ತುತ್ತು ಇಳೀಲಿಲ್ಲ ಕಣೇ. ಅವ್ರು ಹೋದ್ರು. ಜನ ಎಲ್ಲಾ ಹೊರಟ್ಮೇಲೆ ಅತ್ತೆ ತಟ್ಟೆ ತಂದಿಟ್ಟು, ಉಣ್ಣು ಮಗಾ, ನೀನೂ ಹೋಗ್ಬುಟ್ರೆ ಈ ಕೂಸಿಗ್ಯಾರು ಅಂದ್ರು. ಹೊಟ್ಟೆ ತುಂಬಾ ಉಂಡೆ. ಅಷ್ಟು ರುಚಿಯಾಗಿ ನಾನು ಯಾವತ್ತೂ ಉಂಡಿಲ್ಲ. ಈಗ್ಲೂ ನೆನೆಸ್ಕೊಂಡ್ರೆ ನಾಚ್ಕೆ ಆಯ್ತದೆ.”

ನಾನು ಏನು ಮಾಡಬೇಕಿತ್ತು? ಹೆಡ್‌ಫೋನ್ ತೆಗೆದು, ಆ ಭಾಗವನ್ನು ಅಳಿಸಿ, ಯಾರಿಗೂ ಹೇಳದೆ ಇರಬೇಕಿತ್ತು. ನಾನು ಕುರ್ಚಿ ಮುಂದಕ್ಕೆಳೆದುಕೊಂಡು ಕೆಲಸಕ್ಕೆ ಕೂತೆ. ತಾಳದ ಒಂದು ಸುತ್ತಿಗೆ ನಿಮ್ಮ ಮಾತು ಉದ್ದವಾಯಿತು. ಆಸ್ಪತ್ರೆಯನ್ನು ತೆಗೆದೆ. ನಿಮ್ಮ ಅತ್ತೆಯನ್ನು ತೆಗೆದೆ, ತಟ್ಟೆ ತೆಗೆದೆ, ಕೂಸು ತೆಗೆದೆ, ಕೊನೆಯ ನಾಚಿಕೆಯನ್ನೂ ತೆಗೆದೆ. ಉಳಿದದ್ದು ಇಷ್ಟು: “ಅವ್ರು ಹೋದ್ರು. ಹೊಟ್ಟೆ ತುಂಬಾ ಉಂಡೆ. ಅಷ್ಟು ರುಚಿಯಾಗಿ ನಾನು ಯಾವತ್ತೂ ಉಂಡಿಲ್ಲ.”

ತಾಳಕ್ಕೆ ಸರಿಯಾಗಿ ಕೂತಿತು. ಮತ್ತೆ ಹಾಕಿ ಕೇಳಿದೆ. ಗಂಡ ಸತ್ತ ದಿನ ಬಿಡುಗಡೆ ಸಿಕ್ಕ ಹೆಂಗಸೊಬ್ಬಳು ಆಡಿದ ಹಾಗಿತ್ತು. ನೀವು ಹೇಳಿದ್ದು ಅದಲ್ಲ ಎಂದು ನನಗೆ ಆ ಕ್ಷಣದಲ್ಲೇ ಗೊತ್ತಿತ್ತು. ಗೊತ್ತಿದ್ದೂ—ಇದೇ ಚೆನ್ನಾಗಿದೆ ಅನ್ನಿಸಿತು. ಹೌದಮ್ಮ, ಹಾಗೇ ಅನ್ನಿಸಿತು. ಇದನ್ನು ಬೇರೆ ಯಾವ ಮಾತಿನಲ್ಲೂ ಹೇಳಲು ನನಗೆ ಆಗುತ್ತಿಲ್ಲ.

ಪ್ರಭುವಿಗೆ ಕೇಳಿಸಿದೆ. ಅವನು ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದ. ಅಪ್ಪ ಹೋದಾಗ ಅವನು ತೀರಾ ಚಿಕ್ಕವನು. ಕೊನೆಗೆ, “ಅಪ್ಪ ಅಮ್ಮಂಗೆ ಹೊಡೀತಿದ್ರಾ?” ಎಂದು ಕೇಳಿದ. ನನ್ನನ್ನು ಕೇಳಿದ! ನಿಮ್ಮ ಮನೆಯ ವಿಷಯವನ್ನು ನನ್ನಲ್ಲಿ ಕೇಳಿದ. ‘ಇಲ್ಲ ಕಣೋ, ಪೂರ್ತಿ ಕೇಳು’ ಎನ್ನಬಹುದಿತ್ತು. ಪೂರ್ತಿಯಾದದ್ದು ಅದೇ ಕಂಪ್ಯೂಟರಿನಲ್ಲೇ ಇತ್ತು. ನಾನು ‘ಗೊತ್ತಿಲ್ಲ’ ಎಂದೆ.

“ಅಮ್ಮನ್ನ ಕೇಳಿದ್ಯಾ, ಇದನ್ನ ಹಾಕೋಕೆ?”

“ಕೇಳ್ದೆ. ಹಾಕ್ಕೊಳ್ಳಿ ಬುಡು ಅಂದ್ರು. ಆದ್ರೆ ನೀನು ಅವ್ರ ಹತ್ರ ಈ ಮಾತು ಎತ್ಬೇಡ, ನಾಚ್ಕೊತಾರೆ.”

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ನಿಮ್ಮ ‘ಬುಡು’ ಕೂಡ ಸೇರಿಸಿ ಹೇಳಿದ್ದೆ. ಅವನು ನಂಬಿದ. ನಂಬಿ, ನಿಮ್ಮ ಮಾತಿನ ಬೆನ್ನಿಗೇ ಒಂದು ಹಾಡು ಬರೆದ. ಸತ್ತ ಅಪ್ಪನನ್ನು ಎದುರು ನಿಲ್ಲಿಸಿಕೊಂಡು ಬೈದ ಹಾಡು. ನಮ್ಮ ಹುಡುಗರೆಲ್ಲ ಆ ಹಾಡಿಗೆ ಮರುಳಾದರು. ಏನೂ ಮಾಡದ ಒಬ್ಬ ಮನುಷ್ಯನನ್ನು ಅವನ ಮಗನ ಬಾಯಲ್ಲೇ ಬೈಸಿದೆನಲ್ಲ ಎಂದು ಈಗ ನೆನೆದರೆ ನನಗೆ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ. ಆಗ ಚಪ್ಪಾಳೆ ತಟ್ಟಿದೆ.

ಅಲ್ಲಿಗೇ ನಿಂತಿದ್ದರೆ—ಇಲ್ಲ, ಹಾಗೆ ಹೇಳಬಾರದು. ಅಲ್ಲಿಗೇ ನಿಂತಿದ್ದರೂ ತಪ್ಪು ತಪ್ಪೇ. ಆದರೆ ಅದು ಅಲ್ಲಿಗೆ ನಿಲ್ಲಲಿಲ್ಲ. ಕೆಲವು ವರ್ಷಗಳಲ್ಲಿ ಪೆನ್‌ಡ್ರೈವ್ ಕೇಳುವವರೇ ಇಲ್ಲವಾದರು. ಎಲ್ಲರ ಹಾಡೂ ಫೋನಿನ ಆ್ಯಪುಗಳಿಗೆ ಏರಿತು. ಗೆಳೆಯರಿಗೆ ಕೊಡುತ್ತಿದ್ದ ಟೇಪು ಈಗ ವೇದಿಕೆ ಸಿಗಲಿ ಎಂದು ತೋರಿಸುವ ಗುರುತಿನ ಚೀಟಿಯಾಯಿತು. ನಮ್ಮ ಹಳೆಯ ಟೇಪನ್ನೂ ಏರಿಸೋಣ ಎಂದು ಹೊರಟೆವು. ಆದರೆ ಇನ್ನೊಬ್ಬರ ಬೀಟಿದ್ದರೆ ಅಲ್ಲಿನ ಯಂತ್ರ ಗುರುತು ಹಿಡಿದು ಹೊರಗೆ ಹಾಕುತ್ತದೆ. ಅದಕ್ಕೆ ನನ್ನ ಕೋಣೆಯಲ್ಲಿ ಕೂತು ಟೇಪನ್ನು ಶುದ್ಧ ಮಾಡಿದೆವು. ಆ ಮಾತನ್ನೇ ಬಳಸುತ್ತಿದ್ದೆವು, ‘ಶುದ್ಧ’. ಮುಖ ಕಾಣದ ಯಾರದೋ ಡ್ರಮ್ಮಿನ ಒಂದು ಏಟೂ ಉಳಿಯದ ಹಾಗೆ ಹುಡುಕಿ ಹುಡುಕಿ ತೆಗೆದು, ಆ ಜಾಗಕ್ಕೆಲ್ಲ ನಿಮ್ಮ ಮಿಲ್ಲಿನ ಸದ್ದು ಕೂಡಿಸಿದೆವು.

ನಿಮ್ಮ ಮಾತು ಬಂದಾಗ ಮಾತ್ರ ನಾನು ನಿಲ್ಲಲೇ ಇಲ್ಲ. ಯಂತ್ರಕ್ಕೆ ನಿಮ್ಮ ಗುರುತಿಲ್ಲವಲ್ಲ, ಅದು ಯಾಕೆ ತಡೆಯುತ್ತದೆ? ಕದ್ದ ಮಾಲನ್ನೆಲ್ಲ ಹಿಂತಿರುಗಿಸಿದ್ದೇವೆ ಎಂದು ನಾವಿಬ್ಬರೂ ಕೈ ತೊಳೆದುಕೊಂಡು ಕಾಫಿ ಕುಡಿದೆವು. ಪ್ರಭು ನಿಜಕ್ಕೂ ಹಾಗೆಂದು ನಂಬಿದ್ದ. ನಾನು... ಅಷ್ಟೇ ಅಲ್ಲ, ಹಾಡಿನ ಮೊದಲಿಗೆ ಇದ್ದ ನಿಮ್ಮ ಮಾತನ್ನು ಬೇರೆ ಮಾಡಿ ಒಂದು ಪುಟ್ಟ ತುಣುಕನ್ನಾಗಿ ಏರಿಸಿದವಳೂ ನಾನೇ. ಕೇಳುವವರಿಗೆ ಸುಲಭವಾಗಲಿ ಎಂದು.

ಸುಲಭವಾಯಿತು. ಯಾವನೋ ಹಾಸ್ಟೆಲ್ ಹುಡುಗ, ಬಿಟ್ಟು ಹೋದ ಹುಡುಗಿಯ ಫೋಟೋ ಒಂದು ಕಡೆ, ಬಿರಿಯಾನಿ ತಟ್ಟೆ ಇನ್ನೊಂದು ಕಡೆ ಇಟ್ಟುಕೊಂಡು ನಿಮ್ಮ ಧ್ವನಿಗೆ ಬಾಯಿ ಆಡಿಸಿ ವಿಡಿಯೋ ಮಾಡಿದ. ಆಮೇಲೆ ಕಂಡಕಂಡವರೆಲ್ಲ ಶುರು ಮಾಡಿದರು. ಗಂಡ ಆಫೀಸಿಗೆ ಹೋದ ಮೇಲೆ, ಅತ್ತೆ ಊರಿಗೆ ಹೋದ ಮೇಲೆ, ನೆಂಟರು ಬಸ್ ಹತ್ತಿದ ಮೇಲೆ—“ಅವ್ರು ಹೋದ್ರು. ಹೊಟ್ಟೆ ತುಂಬಾ ಉಂಡೆ.” ನಾನೂ ನಕ್ಕೆ, ಅಮ್ಮ. ನನ್ನ ಕೈಚಳಕ ನೋಡಿ ಎಂದು ಗೆಳತಿಯರಿಗೆ ಫೋನು ಹಿಡಿದು ತೋರಿಸಿದೆ. ಅದರಿಂದಲೇ ನನಗೆ ಧ್ವನಿ ಜೋಡಿಸುವ ಕೆಲಸಗಳೂ ಬಂದವು. ನಗುವವರ ಕೈಯಲ್ಲಿರುವ ಆ ಫೋನು ಚಾಮರಾಜಪುರಂನ ನಿಮ್ಮ ಭಾವನ ಮನೆಯಲ್ಲೂ ಇರುತ್ತದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಒಂದು ದಿನ ಪ್ರಭು ಫೋನ್ ಮಾಡಿ, “ಅಮ್ಮಂಗೆ ಗೊತ್ತಾಯ್ತು” ಎಂದಷ್ಟೇ ಹೇಳಿ ಇಟ್ಟುಬಿಟ್ಟ. ಟೇಪನ್ನು ಅವನು ಆಗಲೇ ಆ್ಯಪಿನಿಂದ ತೆಗೆಸಿದ್ದ. ಜನರ ವಿಡಿಯೋಗಳಿಂದ ಅದು ಹೋಗಲಿಲ್ಲ. ನಾನು ಎಷ್ಟೋ ದಿನ ಹಿನಕಲ್ ಕಡೆ ತಲೆ ಹಾಕಲಿಲ್ಲ. ಅವನು ಎಲ್ಲವನ್ನೂ ಹೇಳಿರುತ್ತಾನೆ, ನೀವು ಚಪ್ಪಲಿ ಕೈಗೆತ್ತಿಕೊಳ್ಳುತ್ತೀರಿ ಎಂದುಕೊಂಡಿದ್ದೆ. ಕೊನೆಗೆ ಬೈಸಿಕೊಳ್ಳಲು ಸಿದ್ಧಳಾಗಿಯೇ ಬಂದೆ. ನೀವು ನನ್ನನ್ನು ನೋಡಿದ ಕೂಡಲೇ ಮೋಟರ್ ಆಫ್ ಮಾಡಿ, ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡು, ನನ್ನ ಕೈ ಹಿಡಿದು ಕೂರಿಸಿದಿರಿ. ಅವತ್ತು ನೀವು ಹೇಳಿದ ಮಾತು ಈಗಲೂ ಹಾಗೇ ಕಿವಿಯಲ್ಲಿದೆ.

“ನೋಡ್ದಾ ಸುಮಾ, ಹೆತ್ತ ಮಗ ಮಾಡಿದ್ದ? ಭಾವನ ಮನೇಲಿ ನಿಶ್ಚಿತಾರ್ಥ. ಮಕ್ಳು ಹೋಳಿಗೆ ತಟ್ಟೆ ಹಿಡ್ಕಂಡು ಕುಣೀತಾ ಅವೆ, ಫೋನಲ್ಲಿ ನನ್ನ ಧ್ವನಿ! ಅತ್ತೆ ಪಕ್ಕದಲ್ಲೇ ಕೂತಿದ್ರು. ‘ನೀಲಾ, ಇದು ನಿಂದಲ್ವಾ’ ಅಂದ್ರು. ಅದರ ಹಿಂದೇನೇ ಇವನ ಹಾಡು ಅಂತೆ, ಅವ್ರಪ್ಪನ್ನ ಬೈದಿರೋದು. ಅದನ್ನೂ ಯಾರೋ ಹಾಕಿ ಕೇಳಿಸ್ಬುಟ್ರು. ಅತ್ತೆ ಅಲ್ಲೇ ಉಳ್ಕೊಂಡ್ಬುಟ್ರು ಕಣಮ್ಮ, ಮನೆಗೆ ಬರ್ಲೇ ಇಲ್ಲ. ‘ನನ್ನ ಮಗ ಸತ್ತಿದ್ದು ನಿಂಗೆ ಅಷ್ಟು ರುಚಿಯಾಯ್ತಾ’ ಅಂದ್ರು.”

‘ನೀವು ಹಾಗೆ ಹೇಳಿರಲಿಕ್ಕಿಲ್ಲ’ ಎಂದೇನೋ ತೊದಲಿದೆ. ಅಷ್ಟಾದರೂ ಹೇಳಿದೆನಲ್ಲ ಎಂದು ಒಳಗೊಳಗೇ ಸಮಾಧಾನ ಮಾಡಿಕೊಳ್ಳುವಷ್ಟು ಹೇಡಿ ನಾನು. ಅದಕ್ಕೆ ನೀವು ಕೊಟ್ಟ ಉತ್ತರ ಇದು.

“ಅಂಗೇ ಅಂದಿರ್ಬೇಕು ಕಣಮ್ಮ. ನನ್ನ ಧ್ವನೀನೇ ಅಲ್ವಾ? ನಂಗೆ ನೆನಪಿಲ್ಲ. ಮನಸ್ಸಲ್ಲಿ ಅಂಥದ್ದು ಇತ್ತೇನೋ, ಬಾಯಿಗೆ ಬಂದ್ಬುಟ್ಟದೆ. ಎಷ್ಟು ಕೆಟ್ಟೋಳು ನಾನು.”

ಅಮ್ಮ, ನೀವು ಹಾಗನ್ನಲಿಲ್ಲ. ಅನ್ನಲೇ ಇಲ್ಲ. ನಿಮಗೆ ಅನ್ನ ಬಡಿಸಿದ ಅತ್ತೆಯನ್ನು ನೀವು ನೆನೆದಿದ್ದಿರಿ. ಆ ತಟ್ಟೆಯನ್ನು ತೆಗೆದವಳು ನಿಮ್ಮ ಕೈ ಹಿಡಿದುಕೊಂಡು ನಿಮ್ಮ ಎದುರೇ ಕೂತಿದ್ದಳು. ಗಂಡನ ಸಾವಿಗೆ ಸಂತೋಷಪಟ್ಟವಳು ತಾನು ಎಂದು ನೀವೇ ನಿಮ್ಮನ್ನು ನಂಬಿಸಿಕೊಳ್ಳುವುದನ್ನು ನೋಡುತ್ತ ಕೂತಿದ್ದಳು. ನೀವು ಕಾಫಿ ತರಲು ಎದ್ದಿರಿ. ಏಳುತ್ತ, “ಅವನು ಅದನ್ನ ಹಾಕೋವಾಗ ನೀನು ಜೊತೇಲಿ ಇದ್ದಿದ್ರೆ ಬ್ಯಾಡ ಕಣೋ ಅಂತಿದ್ದೆ, ಅಲ್ವಾ?” ಎಂದಿರಿ. ನಾನು ಹೂಂ ಎಂದೆ. ಒಂದೇ ಅಕ್ಷರ. ಇಷ್ಟೆಲ್ಲದರಲ್ಲಿ ನನಗೆ ನನ್ನ ಮೇಲೆ ಅತಿ ಹೆಚ್ಚು ಹೇಸಿಗೆಯಾಗುವುದು ಆ ‘ಹೂಂ’ಗೆ.

ಆಮೇಲೆ ವಾರ ವಾರವೂ ಬಂದೆ. ಪ್ರೀತಿಯಿಂದ ಬರುತ್ತಿದ್ದೇನೆ ಎಂದು ನೀವು ತಿಳಿದಿರಿ. ಮೊದಮೊದಲು ಭಯದಿಂದ ಬರುತ್ತಿದ್ದೆ—ಪ್ರಭು ಬಾಯಿ ಬಿಟ್ಟನೋ ಇಲ್ಲವೋ ತಿಳಿಯಲು. ಅವನು ಬಿಡಲಿಲ್ಲ. ‘ನೀನೇನಾ ಹಾಕಿದ್ದು?’ ಎಂದು ನೀವು ಕೇಳಿದಾಗ ‘ಹೂಂ, ನಾನೇ’ ಎಂದನಂತೆ. ನಾನು ಸುಳ್ಳು ಹೇಳಿದ್ದೆ ಎಂದು ಅವನಿಗೆ ತಿಳಿದದ್ದೇ ನಿಮ್ಮ ಆ ಪ್ರಶ್ನೆಯಿಂದ. ತಿಳಿದ ಮೇಲೂ ಹಾಗಂದ. ಅಂದಿನಿಂದ ನೀವು ಅವನಿಗೆ ತಟ್ಟೆ ಇಡುತ್ತೀರಿ, ಮಾತಾಡಿಸುವುದಿಲ್ಲ. ಅವನು ಹಾಡು ಬಿಟ್ಟ. ಫ್ಲೆಕ್ಸ್ ಅಂಗಡಿಯಲ್ಲಿ ಯಾರು ಯಾರದೋ ಹುಟ್ಟುಹಬ್ಬದ ಫೋಟೋ ಸರಿಮಾಡುತ್ತ ಕೂರುತ್ತಾನೆ. ನಿಮ್ಮ ಅತ್ತೆ ಚಾಮರಾಜಪುರಂನಲ್ಲೇ ಇದ್ದಾರೆ. ಒಂದೇ ಊರಿನಲ್ಲಿ ಇದ್ದು ನೀವು ಮೂವರೂ ಬೇರೆ ಬೇರೆ ಉಣ್ಣುತ್ತಿದ್ದೀರಿ.

ಹೋದ ವಾರ ನಾನು ಅವನ ಅಂಗಡಿಗೆ ಹೋದೆ. ಅವನು ಮುಖ ಎತ್ತಲಿಲ್ಲ. ನಿಮ್ಮ ಪೂರ್ತಿ ಮಾತನ್ನು ಫೋನಿಗೆ ಹಾಕಿಕೊಂಡು ಹೋಗಿದ್ದೆ. ಅವನ ಕಿವಿಗೆ ಕೊಟ್ಟೆ. ಕೇಳಿದ. ಇನ್ನೊಂದು ಸಲ ಕೇಳಿದ. ಅಲ್ಲೇ ಇದ್ದ ಫ್ಲೆಕ್ಸ್ ಸುರುಳಿಯ ಮೇಲೆ ಕೂತ. “ಅಪ್ಪ ಏನೂ ಮಾಡಿರ್ಲಿಲ್ವಾ?” ಎಂದ. ಮೊದಲ ಸಲ ಕೇಳಿದಾಗ ಇದ್ದ ಅದೇ ಧ್ವನಿ. ಇಲ್ಲ ಎಂದೆ. ಇಷ್ಟು ವರ್ಷ ತಡವಾಗಿ.

ಅವನು ಹೊಡೆದಿದ್ದರೆ ಒಳ್ಳೆಯದಿತ್ತು. ಹೊಡೆಯಲಿಲ್ಲ. “ನಿಮ್ಮಮ್ಮಂಗೆ ಎಲ್ಲಾ ಹೇಳ್ಬುಡ್ತೀನಿ” ಎಂದು ನಾನು ಅಂದಾಗ ಮಾತ್ರ ಗಾಬರಿಯಿಂದ ನನ್ನ ಮುಖ ನೋಡಿದ.

“ಬೇಡ ಕಣೇ. ಅಜ್ಜಿ ಮನೆ ಬಿಟ್ಟು ಹೋದ್ರು, ಅಮ್ಮ ನನ್ನ ಹತ್ರ ಮಾತು ಬಿಟ್ಬುಟ್ಲು, ಚಿಕ್ಕಮ್ಮನ್ನೂ ಸೇರಿಸ್ತಿಲ್ಲ. ಯಾರ ಹತ್ರ ಬಾಯಿ ಬಿಟ್ರೂ ಎಲ್ಲೋ ಕೇಳುತ್ತೆ ಅಂತ ಭಯ ಅವಳಿಗೆ. ವಾರಕ್ಕೊಂದ್ಸಲ ನೀನು ಬಂದಾಗ ಮಾತ್ರ ಮಾತಾಡ್ತಾಳೆ. ಮಿಲ್ಲಿನ ಸದ್ದು ನಿಂತು ಅವಳು ನಗೋದು ಒಳಗಿನ ಕೋಣೇಲಿ ನನಗೆ ಕೇಳಿಸುತ್ತೆ. ಅದೂ ಹೋಗ್ಬುಟ್ರೆ ಅವಳಿಗೆ ಯಾರಿದ್ದಾರೆ? ಮಾಡಿದ್ದು ನೀನು ಅಂತ ನಾನು ಹೇಳ್ದೇ ಇದ್ದದ್ದು ನಿನಗೋಸ್ಕರ ಅನ್ಕೊಂಡ್ಯಾ?”

ಹೌದು, ನಾನು ಹಾಗೇ ಅಂದುಕೊಂಡಿದ್ದೆ. ಅವನು ಗೆಳತಿಯನ್ನು ಕಾಪಾಡುತ್ತಿದ್ದಾನೆ ಎಂದುಕೊಂಡು, ಒಳಗೊಳಗೇ ಒಂದಿಷ್ಟು ಬೀಗಿಯೂ ಇದ್ದೆ. ಅವನು ಕಾಪಾಡುತ್ತಿದ್ದದ್ದು ನಿಮಗೆ ಉಳಿದಿದ್ದ ಒಂದೇ ಒಂದು ಮಾತಿನ ಜಾಗವನ್ನು. ಅದಕ್ಕಾಗಿ ತಾನು ನಿಮ್ಮ ಮಾತಿಲ್ಲದೆ ಬದುಕಿದ. ಅಂಗಡಿಯಿಂದ ಹೊರಗೆ ಬಂದವಳಿಗೆ ಸ್ಕೂಟರಿನ ಕೀಲಿ ಕೈಯಲ್ಲೇ ಇದ್ದರೂ ಕಾಣಿಸಲಿಲ್ಲ.

ಅವನು ಬೇಡವೆಂದದ್ದನ್ನು ನಾನು ಮಾಡುತ್ತಿದ್ದೇನೆ. ಇದನ್ನು ಓದಿ ಮುಗಿಸುವುದರೊಳಗೆ ನಿಮಗೆ ನಾನು ಬೇಡವಾಗಿರುತ್ತೇನೆ ಎಂದು ಗೊತ್ತು. ಕ್ಷಮಿಸಿ ಎಂದು ಕೇಳಲಾರೆ. ಕೇಳಿದರೆ ನೀವು ಕ್ಷಮಿಸಿಬಿಡುವವರು. ಪೂರ್ತಿ ಮಾತಿರುವ ಪೆನ್‌ಡ್ರೈವ್ ನಿಮ್ಮ ಕೈಗೆ ಕೊಡುತ್ತೇನೆ. ನನ್ನಲ್ಲಿ ಇನ್ನೊಂದು ಪ್ರತಿ ಇಟ್ಟುಕೊಂಡಿಲ್ಲ. ಅತ್ತೆಯವರಿಗೆ ಕೇಳಿಸುವುದೋ ಬಿಡುವುದೋ ನಿಮಗೆ ಬಿಟ್ಟದ್ದು. ಅದು ನಿಮ್ಮ ಮಾತು.

ಪ್ರಭು ಈಗ ಒಳಗಿನ ಕೋಣೆಯಲ್ಲಿದ್ದಾನೆ. ಅವನಿಗೆ ಇದು ಕೇಳಿಸುತ್ತಿರಬೇಕು. ನಾನು ಎದ್ದು ಹೋಗುತ್ತೇನೆ, ಅಮ್ಮ. ನನ್ನನ್ನು ಕರೆಯಬೇಡಿ. ಅವನನ್ನು ಕರೆಯಿರಿ.